ಹಳ್ಳ ಏರುವ ಮೊದಲೇ ಮನೆ ಬಿಡುವುದು ಹೇಗೆ?

ಕಾಳಿ ನದಿಗೆ ಕದ್ರಾ ಅಣೆಕಟ್ಟಿದೆ, ಶರಾವತಿಗೆ ಗೇರುಸೊಪ್ಪ ಇದೆ. ಗೇಟ್ ಎತ್ತುವ ಮೊದಲು ಹೊಳೆಯಂಚಿನವರಿಗೆ ಎಚ್ಚರಿಕೆ ಕೊಡುತ್ತಾರೆ. ಅಘನಾಶಿನಿಗೆ ಅಂಥ ಅಣೆಕಟ್ಟಿಲ್ಲ. ನಿಮ್ಮ ತೋಟದ ಕೆಳಗೆ ಹರಿಯುವ ಹಳ್ಳಕ್ಕಂತೂ ಸೈರನ್ ಕೂಗುವವರೇ ಇಲ್ಲ. ಹಾಗಾಗಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಘಟ್ಟದ ಮನೆಗಳವರು, ಕುಮಟಾ, ಅಂಕೋಲಾ, ಕಾರವಾರದ ಗುಡ್ಡದ ಬುಡದಲ್ಲಿರುವವರು ತಮ್ಮ ಎಚ್ಚರಿಕೆ ತಾವೇ ಮಾಡಿಕೊಳ್ಳಬೇಕು. ದೊಡ್ಡ ಕೆಲಸವೇನಲ್ಲ. ಆದರೆ ಆರಿದ್ರಾ ಮಳೆ ಹಿಡಿಯುವ ಮೊದಲೇ ಮುಗಿದಿರಬೇಕು.

1. ಹಳ್ಳಕ್ಕೆ ಗೆರೆ ಎಳೆಯಿರಿ

ಮನೆಯಿಂದ ಬ್ಯಾಟರಿ ಬಿಟ್ಟರೆ ಕಾಣುವ ಕಡೆ ಒಂದು ಗಟ್ಟಿ ಬಂಡೆಯನ್ನೋ ಸಂಕದ (ಹಳ್ಳ ದಾಟುವ ಕಿರುಸೇತುವೆಯ) ಕಂಬವನ್ನೋ ಆರಿಸಿ. ಆಯಿಲ್ ಪೇಂಟಿನಲ್ಲಿ ಎರಡು ಗೆರೆ ಎಳೆಯಿರಿ. ಪ್ರತಿ ಮಳೆಗಾಲದಲ್ಲೂ ನೀರು ಬರುವ ಮಟ್ಟಕ್ಕೆ ಹಳದಿ ಗೆರೆ. ಅದರ ಮೇಲೆ ಕೆಂಪು ಗೆರೆ, ಅಂದರೆ ಹೊರಡುವ ಗೆರೆ.

ಕೆಂಪು ಗೆರೆ ಎಲ್ಲಿ ಎಳೆಯಬೇಕು ಅನ್ನುವುದೇ ಮುಖ್ಯ. ಹೆಚ್ಚಿನವರು ಮನೆಯ ಮೆಟ್ಟಿಲನ್ನು ಲೆಕ್ಕ ಹಿಡಿಯುತ್ತಾರೆ. ನೀರು ಮೆಟ್ಟಿಲಿಗೆ ಬರುವಷ್ಟರಲ್ಲಿ ಕಾಲುಸಂಕ ಕೊಚ್ಚಿ ಹೋಗಿರುತ್ತದೆ, ಆಮೇಲೆ ಹೊರಡುವುದಾದರೂ ಎಲ್ಲಿಗೆ? ಮನೆಯಿಂದ ಡಾಂಬರು ರಸ್ತೆಯವರೆಗೆ ಒಮ್ಮೆ ನಡೆದು ನೋಡಿ. ದಾರಿಯಲ್ಲಿ ಎಲ್ಲಕ್ಕಿಂತ ತಗ್ಗಿನ ಜಾಗ ಯಾವುದು ಅಂತ ಗುರುತು ಮಾಡಿ. ಆ ಜಾಗಕ್ಕೆ ನೀರು ನುಗ್ಗುವಾಗ ಹಳ್ಳ ಎಷ್ಟು ಎತ್ತರ ಇರುತ್ತದೋ, ಅದಕ್ಕಿಂತ ಒಂದು ಮೊಳ ಕೆಳಗೆ ಕೆಂಪು ಗೆರೆ ಇರಲಿ. ಇದನ್ನು ಮನೆಯ ಹಿರಿಯರನ್ನು ಕರೆದುಕೊಂಡು ಹೋಗಿ ಮಾಡಿ. ಹಳೆಯ ನೆರೆ ಎಲ್ಲಿಯವರೆಗೆ ಬಂದಿತ್ತು ಅನ್ನುವುದು ಅವರಿಗೇ ಗೊತ್ತು.

2. ಮಳೆ ಅಳೆಯಿರಿ

ಬಾಯಿ, ಬುಡ ಒಂದೇ ಅಗಲ ಇರುವ ಡಬ್ಬವನ್ನು ಮಾಡಿನ ನೀರು ಬೀಳದ ಕಡೆ ಅಂಗಳದಲ್ಲಿಡಿ. ಸ್ಕೇಲ್ ಅದ್ದಿದರೆ ಎಷ್ಟು ಮಿಲಿಮೀಟರ್ ಮಳೆಯಾಯಿತು ಅಂತ ತಿಳಿಯುತ್ತದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 64.5 ಮಿ.ಮೀ. ಬಂದರೆ ಅದು ಭಾರಿ ಮಳೆ. (ನಮ್ಮಲ್ಲಿ ಅಷ್ಟಕ್ಕೆ ಜನ ಕೊಡೆ ಬಿಚ್ಚಿಕೊಂಡು ಪೇಟೆಗೆ ಹೋಗುತ್ತಾರೆ ಬಿಡಿ.) 204.4 ಮಿ.ಮೀ. ದಾಟಿದರೆ ಅತ್ಯಂತ ಭಾರಿ ಮಳೆ. ಒಂದು ಎಕರೆ ಗುಡ್ಡದ ಮೇಲೆ 100 ಮಿ.ಮೀ. ಸುರಿದರೆ ಸುಮಾರು 4 ಲಕ್ಷ ಲೀಟರ್ ನೀರು. ಮಣ್ಣು ಆಗಲೇ ನೆನೆದು ತುಂಬಿದ್ದರೆ ಅದರಲ್ಲಿ ಹೆಚ್ಚಿನದು ನೇರ ಹಳ್ಳಕ್ಕೇ ಇಳಿಯುತ್ತದೆ. ಅದಕ್ಕೇ ಮಳೆ ಹಿಡಿದ ಮೂರನೇ ನಾಲ್ಕನೇ ದಿನ ಜಾಸ್ತಿ ಎಚ್ಚರ ಬೇಕು.

ಕುಮಟಾದಲ್ಲಿ ಬಿಸಿಲಿದ್ದಾಗಲೂ ದೇವಿಮನೆ ಘಟ್ಟದ ಮೇಲೆ ಮಳೆ ಹೊಯ್ಯುತ್ತಿರಬಹುದು. ಘಟ್ಟದ ಮೇಲಿನ ನೆಂಟರಿಗೋ ಗೆಳೆಯರಿಗೋ ಒಂದು ಫೋನ್ ಮಾಡಿ ಕೇಳಿ. ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರ್ ಕೂಡ ಕೈಕೊಡುವ ಊರುಗಳಲ್ಲಿ ಈ ಫೋನ್ ಸಂಜೆಯೊಳಗೇ ಆಗಬೇಕು.

3. ಹಳ್ಳ ಹೇಳುವುದನ್ನು ಕೇಳಿ

ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಮರದ ಕುಂಟೆ, ಬೇರು, ದರಕು (ಒಣ ಎಲೆ) ರಾಶಿಯಾಗಿ ತೇಲಿ ಬಂದರೆ, ಕಲ್ಲು ಉರುಳುವ ಸದ್ದು ಕೇಳಿದರೆ ಗೆರೆ ನೋಡುತ್ತ ಕೂರಬೇಡಿ. ಇನ್ನೊಂದು ಲಕ್ಷಣ ಇದೆ, ಅದು ಮೋಸದ್ದು. ಮಳೆ ಹೊಯ್ಯುತ್ತಲೇ ಇದೆ, ಆದರೆ ಹಳ್ಳದ ನೀರು ಇಳಿಯಿತು. ‘ಅಬ್ಬಾ, ಇಳೀತು’ ಅನ್ನಿಸುತ್ತದೆ ಅಲ್ವಾ? ಮೇಲೆ ಎಲ್ಲೋ ಮಣ್ಣು, ಮರ ಬಿದ್ದು ನೀರು ಕಟ್ಟಿಕೊಂಡಿರಬಹುದು. ಅದು ಒಡೆದರೆ ಎಲ್ಲ ಒಟ್ಟಿಗೇ ಬರುತ್ತದೆ. ಆ ಕ್ಷಣವೇ ಹೊರಡಿ.

ಮನೆಯ ಹಿಂದಿನ ಧರೆಯನ್ನೂ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಅಂಚನ್ನೂ ನೋಡಿ. ಹೊಸ ಬಿರುಕು, ಇಲ್ಲದ ಕಡೆ ಒರತೆ, ವಾಲಿದ ಮರ, ಬಿಗಿಯಾದ ಬಾಗಿಲು, ಇವೆಲ್ಲ ಮಣ್ಣು ಸರಿಯುತ್ತಿರುವ ಗುರುತು. ಕಾರವಾರದ ಕಡವಾಡದ ಝರಿವಾಡದಲ್ಲಿ 2009ರ ಅಕ್ಟೋಬರ್ 2ರಂದು ಗುಡ್ಡ ಕುಸಿದು 19 ಜನ ಸತ್ತರು. ಅಕ್ಟೋಬರ್ ಅನ್ನುವುದನ್ನು ಗಮನಿಸಿ, ಮಳೆಗಾಲ ಮುಗಿಯಿತು ಅಂದುಕೊಳ್ಳುವ ಹೊತ್ತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡದ ಮಣ್ಣು ಗಂಗಾವಳಿ ನದಿಗೆ ಬಿದ್ದಾಗ, ಉಕ್ಕಿದ ನೀರು ಆಚೆ ದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿತು. ಗುಡ್ಡ ಆಚೆ ಕಡೆ ಇದೆ, ನಮಗೇನು ಅನ್ನುವ ಹಾಗಿಲ್ಲ.

4. ಬೆಳಕಿರುವಾಗಲೇ ಹೊರಡಿ

ಸಂಜೆ ಹೊತ್ತಿಗೆ ನೀರು ಹಳದಿ ಗೆರೆ ದಾಟಿದ್ದು, ಮಳೆ ನಿಲ್ಲುವ ಲಕ್ಷಣ ಇಲ್ಲದಿದ್ದರೆ ರಾತ್ರಿ ಆ ಮನೆಯಲ್ಲಿ ಮಲಗಬೇಡಿ. ಆಧಾರ್, ಪಹಣಿ, ಪಾಸ್‌ಬುಕ್, ಮಾತ್ರೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ. ಮೇನ್ ಸ್ವಿಚ್ ಆಫ್ ಮಾಡಿ. ಕೊಟ್ಟಿಗೆಯಲ್ಲಿ ದನಗಳ ಕಣ್ಣಿ ಬಿಚ್ಚಿಬಿಡಿ. ಕಟ್ಟಿದ ದನ ಈಜಲಾರದು.

ಅಜ್ಜ ಮಾತ್ರ ಏಳುವುದಿಲ್ಲ. ‘ಎಂಥೆಂಥ ಮಳೆ ನೋಡಿದ್ದೇನೆ’ ಅನ್ನುತ್ತಾರೆ. ಅವರ ಹತ್ತಿರ ವಾದ ಬೇಡ. ಮಳೆ ಜೋರಾಗುವ ಮೊದಲೇ ನಾಲ್ಕು ದಿನ ಮಗಳ ಮನೆಗೆ ಕಳಿಸಿಬಿಡಿ.

ಹರಿಯುವ ನೀರು ಬರೀ 15 ಸೆಂ.ಮೀ. ಇದ್ದರೂ ಕಾಲು ತಪ್ಪಿಸಿ ಬೀಳಿಸಬಲ್ಲದು. 30 ಸೆಂ.ಮೀ. ಇದ್ದರೆ ಸಣ್ಣ ಕಾರು ತೇಲುತ್ತದೆ. ಸಂಕದ ಮೇಲೆ ನೀರು ಬರದಿದ್ದರೂ ಅದರ ಬುಡ ಕೊರೆದಿರಬಹುದು. ದಾರಿ ಕಟ್ಟಿದ್ದರೆ ದಾಟುವ ಸಾಹಸ ಬೇಡ. ಹಳ್ಳದಿಂದ ದೂರ, ಧರೆಯ ಕೆಳಗಲ್ಲದ ಎತ್ತರದ ಜಾಗಕ್ಕೆ ಹೋಗಿ ಸಹಾಯವಾಣಿ 1077 ಅಥವಾ 112ಕ್ಕೆ ಫೋನ್ ಮಾಡಿ.

5. ನೀರು ಇಳಿದ ಮೇಲೆ

ನೆನೆದ ಮಣ್ಣಿನ ಗೋಡೆ ಬಿಸಿಲು ಬಿದ್ದ ಮೇಲೂ ಕುಸಿಯುತ್ತದೆ, ಮೊದಲು ಹೊರಗಿನಿಂದಲೇ ನೋಡಿ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿ, ನೀರು ಕುದಿಸಿಯೇ ಕುಡಿಯಿರಿ. ಕೆಸರು ತೆಗೆಯುವ ಮೊದಲು ಮನೆ, ತೋಟ, ಕೊಟ್ಟಿಗೆಯ ಫೋಟೊ ತೆಗೆದು ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ. ತೊಳೆದು ಸ್ವಚ್ಛ ಮಾಡಿದ ಮೇಲೆ ಹಾನಿಯನ್ನು ತೋರಿಸುವುದು ಕಷ್ಟ.