ಕಲ್ಲು ಕಾಣುವ ಕಾಂಕ್ರೀಟ್ ನೆಲ: ತೊಳೆಯುವ ಹೊತ್ತು ತಪ್ಪಬಾರದು

ಬೋಳು ಕಾಂಕ್ರೀಟ್ ನೆಲ ನೋಡಲು ಚೆನ್ನಾಗಿರುವುದಿಲ್ಲ, ಮಳೆಯಲ್ಲಿ ಜಾರುತ್ತದೆ ಕೂಡ. ಮೇಲಿನ ಸಿಮೆಂಟ್ ಪದರ ತೊಳೆದು ಒಳಗಿನ ಕಲ್ಲು ಕಾಣುವಂತೆ ಮಾಡಿದರೆ ಎರಡೂ ತೊಂದರೆ ತಪ್ಪುತ್ತವೆ. ಕೆಲಸ ಕಷ್ಟದ್ದಲ್ಲ, ಆದರೆ ಯಾವಾಗ ತೊಳೆಯಬೇಕು ಅನ್ನುವುದು ಗೊತ್ತಿರಬೇಕು.

ಮೊದಲು ಮಣ್ಣು ಅಗೆದು, ಸುಮಾರು 100 ಮಿ.ಮೀ. ಜಲ್ಲಿ ಹಾಕಿ ಚೆನ್ನಾಗಿ ದಮ್ಮಸ್ಸು ಮಾಡಿ. ಸುತ್ತ ಹಲಗೆ ಕಟ್ಟಿ. ನೀರು ಹರಿದುಹೋಗಲು ಪ್ರತಿ ಮೀಟರಿಗೆ 10 ಮಿ.ಮೀ.ಗಿಂತ ಕಡಿಮೆಯಿಲ್ಲದ ಇಳಿಜಾರು ಬೇಕು, ಅದೂ ಗೋಡೆಯಿಂದ ಆಚೆಗೆ. ನಡೆದಾಡುವ ದಾರಿಗೆ 100 ಮಿ.ಮೀ. ದಪ್ಪ ಸಾಕು. ಕಾರು ನಿಲ್ಲುವ ಜಾಗಕ್ಕೆ ಇನ್ನೂ ಜಾಸ್ತಿ ದಪ್ಪ, ಒಳಗೆ ಕಬ್ಬಿಣದ ಜಾಲರಿ ಬೇಕು. ಬಿರುಕು ಎಲ್ಲೆಂದರಲ್ಲಿ ಬರದಂತೆ ಎರಡೂವರೆ–ಮೂರು ಮೀಟರಿಗೊಂದು ಕೀಲು, ಅಂದರೆ ಕಾಂಕ್ರೀಟನ್ನು ತುಂಡಾಗಿ ಬೇರ್ಪಡಿಸುವ ಸಂದು, ಬಿಡಿ.

ಕಲ್ಲು 10ರಿಂದ 20 ಮಿ.ಮೀ. ಗಾತ್ರದ್ದು, ಗಟ್ಟಿಯಾದದ್ದು ಇರಲಿ. ಬರಿಗಾಲಲ್ಲಿ ಓಡಾಡುವ ಜಾಗವಾದರೆ ಉರುಟು ಕಲ್ಲೇ ಸರಿ. ಕಲ್ಲನ್ನು ಕಾಂಕ್ರೀಟಿನಲ್ಲೇ ಕಲಸಬಹುದು. ಬಣ್ಣದ ಕಲ್ಲು ದುಬಾರಿ, ಅದನ್ನು ಅಡಿಯಲ್ಲಿ ಹೂತು ಏನು ಪ್ರಯೋಜನ, ಅಲ್ವಾ? ಹಾಗಾಗಿ ಕಾಂಕ್ರೀಟ್ ಹಾಕಿ ಮಟ್ಟ ಮಾಡಿದ ಕೂಡಲೇ, ತೊಳೆದು ಒದ್ದೆಯಾಗಿಟ್ಟ ಕಲ್ಲನ್ನು ಒಂದೇ ಪದರವಾಗಿ ಹರಡಿ. ಮರದ ಹಲಗೆಯಿಂದ ತಟ್ಟಿ ಒತ್ತಿ. ಪ್ರತಿ ಕಲ್ಲೂ ತೆಳು ಗಾರೆಯಡಿ ಮುಚ್ಚಿಹೋಗಬೇಕು. ಜಾಸ್ತಿ ಉಜ್ಜಬೇಡಿ, ಕಲ್ಲು ಆಳಕ್ಕೆ ಇಳಿಯುತ್ತದೆ.

ಈಗ ಕಾಯುವ ಕೆಲಸ. ಬೇಗ ತೊಳೆದರೆ ಕಲ್ಲು ಎದ್ದು ಬರುತ್ತದೆ, ತಡವಾದರೆ ಸಿಮೆಂಟ್ ಬಿಡುವುದಿಲ್ಲ. ಗಡಿಯಾರ ನಂಬಿ ಕೂರಬೇಡಿ: ಬಿಸಿಲಿನಲ್ಲಿ ಎರಡು ಮೂರು ಗಂಟೆಗೇ ಹದ ಬರಬಹುದು, ತಂಪಿನಲ್ಲಿ ಅದರ ಎರಡರಷ್ಟು ಹಿಡಿಯಬಹುದು. ಹೆಬ್ಬೆರಳಿನಿಂದ ಒತ್ತಿ ನೋಡಿ. ಅಚ್ಚು ಸಣ್ಣದಾಗಿ ಮಾತ್ರ ಮೂಡಬೇಕು. ಮೂಲೆಯಲ್ಲಿ ಬ್ರಷ್ ಆಡಿಸಿ. ಕಲ್ಲು ಅಲುಗಿದರೆ ಇನ್ನೂ ಸ್ವಲ್ಪ ಹೊತ್ತು ಬಿಡಿ. ದೊಡ್ಡ ಜಾಗವಾದರೆ ಕಲ್ಲು ಒತ್ತಿ ಮಟ್ಟ ಮಾಡಿದ ಮೇಲೆ ರಿಟಾರ್ಡರ್ ಸಿಂಪಡಿಸುವುದು ಜಾಣತನ. ಅದು ಮೇಲ್ಪದರ ಮಾತ್ರ ಗಟ್ಟಿಯಾಗುವುದನ್ನು ತಡೆಯುತ್ತದೆ, ಕೆಳಗಿನ ಕಾಂಕ್ರೀಟ್ ತನ್ನ ಪಾಡಿಗೆ ಗಟ್ಟಿಯಾಗುತ್ತದೆ. ಎಷ್ಟು ಹೊತ್ತಿಗೆ ತೊಳೆಯಬೇಕೆಂದು ಡಬ್ಬಿಯ ಮೇಲೆ ಓದಿ. ಹೇಗಿದ್ದರೂ ಮೊದಲು ಒಂದು ಸಣ್ಣ ತುಂಡು ಮಾಡಿ ನೋಡದೆ ಇಡೀ ಅಂಗಳಕ್ಕೆ ಕೈಹಾಕಬೇಡಿ.

ಹದ ಬಂದಾಗ ಮೃದು ಬ್ರಷ್ಷಿನಿಂದ ಉಜ್ಜಿ, ಸಣ್ಣ ಧಾರೆಯ ನೀರು ಬಿಡಿ. ಪೈಪಿಗೆ ಬೆರಳು ಒತ್ತಿ ಜೋರು ಮಾಡುವ ಆಸೆ ಬೇಡ. ನೀರು ತಿಳಿಯಾಗುವವರೆಗೆ ತೊಳೆಯಿರಿ. ಕಲ್ಲಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹೊರಗೆ ಬರಬಾರದು. ಸಿಮೆಂಟ್ ನೀರು ಚರ್ಮ ಸುಡುತ್ತದೆ, ಗ್ಲೌಸ್ ಮತ್ತು ಬೂಟು ಹಾಕಿಕೊಳ್ಳಿ. ಆ ನೀರನ್ನು ಮೋರಿಗೂ ಗಿಡಕ್ಕೂ ಬಿಡದೆ ಗುಂಡಿಯಲ್ಲಿ ಹಿಡಿಯಿರಿ.

ಆಮೇಲೆ ಏಳು ದಿನ ನೆಲ ಒಣಗಬಾರದು. ಕಲ್ಲಿನ ಮೇಲೆ ಬಿಳಿ ಪೊರೆ ಉಳಿದಿದ್ದರೆ ಎರಡು ವಾರ ಕಳೆದ ಮೇಲೆ, ನೆಲ ನೆನೆಸಿ, ತೆಳು ಆ್ಯಸಿಡ್ಡಿನಿಂದ ತೊಳೆಯಬಹುದು. ನೀರಿಗೆ ಆ್ಯಸಿಡ್ ಹಾಕಬೇಕು, ಆ್ಯಸಿಡ್ಡಿಗೆ ನೀರಲ್ಲ. ಸುಣ್ಣದ ಕಲ್ಲಾಗಲಿ ಅಮೃತಶಿಲೆಯಾಗಲಿ ಹಾಕಿದ್ದರೆ ಆ್ಯಸಿಡ್ ಬೇಡವೇ ಬೇಡ, ಕಲ್ಲೇ ಕರಗುತ್ತದೆ. ಸೀಲರ್, ಅಂದರೆ ನೆಲ ಕಾಪಾಡುವ ದ್ರವ, ಹಚ್ಚುವುದಾದರೆ 28 ದಿನ ಕಾಯಿರಿ. ಹೊಳಪಿನ ಸೀಲರ್ ದಪ್ಪಗೆ ಬಳಿದರೆ ನೆಲ ಮತ್ತೆ ಜಾರುತ್ತದೆ. ಒಳಗೆ ಇಳಿಯುವ ಬಗೆಯದೇ ವಾಸಿ.