ಹಾಡಿಯ ಹೊಲಿಗೆ ಯಂತ್ರಕ್ಕೆ ಬಿಸಿಲಿನ ಬಲ

ಕೊಡಗಿನ ತಿತಿಮತಿ ಕಡೆಯ ಒಂದು ಹಾಡಿಯಲ್ಲಿ, ಅಂದರೆ ಕಾಡಂಚಿನ ಆದಿವಾಸಿಗಳ ವಸತಿಯಲ್ಲಿ, ಮೊದಲ ಬಾರಿಗೆ ಸೌರ ದೀಪಗಳನ್ನು ಅಳವಡಿಸಿದಾಗ, ಬೆಳಕು ಬಂದರೆ ಮನೆಯ ಕಷ್ಟವೂ ಕಡಿಮೆಯಾಗುತ್ತದೆ ಎಂದು ನಾನು ನಂಬಿದ್ದೆ. ಸೀಮೆಎಣ್ಣೆಯ ಖರ್ಚು ಉಳಿಯಿತು, ಮಕ್ಕಳು ರಾತ್ರಿ ಓದತೊಡಗಿದರು, ಅಂಗಳದ ಆಚೆ ಆನೆ ನಿಂತದ್ದು ಕಾಣುವಂತಾಯಿತು. ಆದರೆ ಕಾಫಿ ಕೊಯ್ಲು ಮುಗಿದ ಮೇಲಿನ ತಿಂಗಳುಗಳಲ್ಲಿ ಆ ಮನೆಗಳ ಆದಾಯ ಮೊದಲಿನಷ್ಟೇ ಇತ್ತು.

ಅಲ್ಲಿ ಕಾಲಿನಿಂದ ತುಳಿಯುವ ಯಂತ್ರದಲ್ಲಿ ರವಿಕೆ ಹೊಲಿಯುತ್ತಿದ್ದ ಅಕ್ಕ ಒಬ್ಬರು, “ತೋಟದಿಂದ ಬಂದ ಮೇಲೆ ಕಾಲು ಏಳುವುದಿಲ್ಲ ಅಣ್ಣ, ಮೋಟರ್ ಇದ್ದಿದ್ದರೆ ರಾತ್ರಿಯೂ ಹೊಲಿಯುತ್ತಿದ್ದೆ” ಎಂದರು. ನನ್ನ ಕೆಲಸದ ದಿಕ್ಕು ಬದಲಾದದ್ದು ಆ ಮಾತಿನಿಂದ. 60 ವ್ಯಾಟಿನ ಮೋಟರ್ ದಿನಕ್ಕೆ 3 ಗಂಟೆ, 5 ವ್ಯಾಟಿನ ಮೂರು ದೀಪಗಳು 4 ಗಂಟೆ, ಜೊತೆಗೆ ಮೊಬೈಲ್ ಚಾರ್ಜಿಂಗ್ ಎಂದು ಹಿಡಿದರೆ ದಿನಕ್ಕೆ ಸುಮಾರು 250 ವ್ಯಾಟ್-ಗಂಟೆ ಬೇಕು. ಅದಕ್ಕೆ 100 ವ್ಯಾಟಿನ ಫಲಕವನ್ನೂ 12 ವೋಲ್ಟ್, 100 ಆಂಪಿಯರ್-ಗಂಟೆಯ ಬ್ಯಾಟರಿಯನ್ನೂ ಕೊಟ್ಟೆ. ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡದೆ ಎರಡು ದಿನ ನಡೆಸಬಹುದು ಎಂಬುದು ಲೆಕ್ಕ.

ಜನವರಿಯಲ್ಲಿ ಫಲಕವನ್ನು ಮಾಡಿನ ಮೇಲೆ ದಕ್ಷಿಣಕ್ಕೆ ಮುಖ ಮಾಡಿ ಕೂರಿಸಿದ್ದೆ. ಜೂನ್ ಬಂದಾಗ ಚಾರ್ಜ್ ಏರಲೇ ಇಲ್ಲ. ಮೋಡವನ್ನು ದೂರುತ್ತಿದ್ದ ನಾನು, ಒಂದು ದಿನ ಮಧ್ಯಾಹ್ನ ಬಿಸಿಲು ತೆರೆದಾಗ ನಿಜವಾದ ಕಾರಣವನ್ನು ಕಂಡೆ: ನಮ್ಮ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ, ಮನೆಯ ಉತ್ತರಕ್ಕಿದ್ದ ಮರದ ನೆರಳು ಫಲಕದ ಒಂದು ಮೂಲೆಯ ಮೇಲೆ ಬೀಳುತ್ತಿತ್ತು. ಫಲಕದೊಳಗಿನ ಸೌರಕೋಶಗಳು ಒಂದಕ್ಕೊಂದು ಸರಣಿಯಲ್ಲಿ ಜೋಡಣೆಯಾಗಿರುವುದರಿಂದ ಮೂಲೆಯ ನೆರಳೂ ಉತ್ಪಾದನೆಯನ್ನು ಬಹಳವಾಗಿ ಕುಗ್ಗಿಸುತ್ತದೆ. ಕಾಡಿನ ಅಂಚಿನಲ್ಲಿ ಮರ ಕಡಿಯುವ ಮಾತೇ ಇಲ್ಲ. ಅಂಗಳದ ತೆರವಿನಲ್ಲಿ ಕಂಬ ನೆಟ್ಟು ಫಲಕವನ್ನು ಅಲ್ಲಿಗೆ ಸಾಗಿಸಿದೆ.

ಅಷ್ಟಾದರೂ ಕಕ್ಕಡದ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡಗಿನ ತಿಂಗಳ, ಮಳೆ ವಾರಗಟ್ಟಲೆ ಬಿಡದು. ಆಗ ಮೋಟರಿನ ಬೆಲ್ಟ್ ಕಳಚಿ ಹಳೆಯ ತುಳಿಗೆಯಲ್ಲೇ ಹೊಲಿಯಬೇಕು, ಬ್ಯಾಟರಿ ದೀಪಕ್ಕೆ ಮಾತ್ರ ಎಂದು ಮೊದಲೇ ಮಾತಾಡಿಕೊಂಡೆವು. ಶಾಲೆಯ ಸಮವಸ್ತ್ರದ ಹೊಲಿಗೆ ಹೆಚ್ಚಾಗಿ ಬರುವುದು ಮಳೆ ಹಿಡಿಯುವ ಮುನ್ನ ಮೇ ತಿಂಗಳಲ್ಲಾದ್ದರಿಂದ ಈ ಏರ್ಪಾಡು ಹೊಂದಿತು.

ಹಣದ ವಿಷಯ ಇದಕ್ಕಿಂತ ಕಷ್ಟದ್ದಾಗಿತ್ತು. ಒಂದು ಸಾಲ ಸಂಸ್ಥೆ ವರ್ಷವಿಡೀ ಸಮಾನ ಮಾಸಿಕ ಕಂತು ಕೇಳಿತು. ಕೆಲಸವೇ ಸಿಗದ ಆಗಸ್ಟಿನಲ್ಲೂ ಕೊಯ್ಲಿನ ಫೆಬ್ರವರಿಯಲ್ಲೂ ಒಂದೇ ಮೊತ್ತ ಕಟ್ಟೆನ್ನುವುದು ತೋಟದ ಕೂಲಿಯ ಬದುಕನ್ನು ಅರಿಯದವರ ಲೆಕ್ಕ ಎಂದು ಇಂದಿಗೂ ನನಗೆ ನೋವಿದೆ. ಕೊನೆಗೆ ಹಾಡಿಯ ಮಹಿಳೆಯರ ಸ್ವಸಹಾಯ ಸಂಘವೇ ಸಾಲ ಕೊಟ್ಟು, ಡಿಸೆಂಬರಿನಿಂದ ಮಾರ್ಚಿಯವರೆಗೆ ವಾರದ ಬಟವಾಡೆಯ ದಿನ ದೊಡ್ಡ ಕಂತು, ಮಳೆಗಾಲದಲ್ಲಿ ಹೆಸರಿಗಷ್ಟೇ ಕಂತು ಎಂದು ಗೊತ್ತುಮಾಡಿತು. ಬ್ಯಾಟರಿ ಬದಲಿಸುವ ದಿನಕ್ಕೆಂದು ಪ್ರತಿ ಹೊಲಿಗೆಯ ಹಣದಿಂದ ಸ್ವಲ್ಪ ತೆಗೆದಿಡುವುದೂ ಅದೇ ಪುಸ್ತಕದಲ್ಲಿ ಸೇರಿತು.

ಆ ಅಕ್ಕ ಸಾಲ ತೀರಿಸಿದ್ದಾರೆ. ಈಗ ತಂಗಿಯ ಮಗಳೂ ಹೊಲಿಗೆ ಕಲಿತಿರುವುದರಿಂದ ಎರಡನೆಯ ಯಂತ್ರಕ್ಕೂ ಮೋಟರ್ ಬೇಕೆಂದು ಹೇಳಿ ಕಳುಹಿಸಿದ್ದಾರೆ. ಅಂಗಳದ ಕಂಬದಲ್ಲಿ ಇನ್ನೊಂದು ಫಲಕಕ್ಕೆ ಜಾಗವಿದೆ.