ಅಂಬಾಸಡರ್‌ಗೆ ಇಸುಜು ಇಂಜಿನ್: ಕ್ಲಚ್ ಹೊಂದಿಸಿದ ಬಗೆ

ನಮ್ಮ ಮಾರ್ಕ್ 3 ಅಂಬಾಸಡರ್‌ಗೆ ಇಸುಜು 1817 ಸಿಸಿ ಪೆಟ್ರೋಲ್ ಇಂಜಿನ್ ಹಾಕಿಸ್ತೀನಿ ಅಂದಾಗ ಮಂಡ್ಯದ ಗ್ಯಾರೇಜಿನವರೆಲ್ಲ ಹೇಳಿದ್ದು ಒಂದೇ: ಅದರದೇ ಐದು ಗೇರಿನ ಬಾಕ್ಸ್ ಸಮೇತ ಕೂರಿಸಿ, ತಲೆನೋವಿಲ್ಲ. ಮಾತು ಸರಿಯೇ. ಆದರೆ ಆ ಬಾಕ್ಸಿನ ಲಿವರು ನೆಲದಿಂದ ಬರುತ್ತದೆ. ಸ್ಟೀರಿಂಗ್ ಪಕ್ಕದ ಗೇರ್ ಲಿವರು, ಮುಂದಿನ ಉದ್ದ ಸೀಟು ಹೋದರೆ ಆ ಕಾರು ಯಾಕೆ ಬೇಕು? ಹಳೇ 1489 ಸಿಸಿ ಇಂಜಿನ್ನಿನ ನಾಲ್ಕು ಗೇರಿನ ಬಾಕ್ಸನ್ನೇ ಉಳಿಸಿಕೊಂಡೆ. ಆರ್‌ಟಿಓ ಒಪ್ಪಿಗೆ ಮೊದಲೇ ಪಡೆದಿದ್ದೆ. ಇಂಜಿನ್ ನಂಬರ್ ಆರ್‌ಸಿಗೆ ಹತ್ತದೆ ಗಾಡಿ ರಸ್ತೆಗಿಳಿಸಬಾರದು.

ಇಂಥ ಜೋಡಣೆಯಲ್ಲಿ ಫ್ಲೈವೀಲ್ (ಇಂಜಿನ್ ಹಿಂದೆ ತಿರುಗುವ ಭಾರದ ಚಕ್ರ) ಇಂಜಿನ್ ಕಡೆಯದು, ಕ್ಲಚ್ ಪ್ಲೇಟಿನ ನಡುವಿನ ಹಲ್ಲು ಗೇರ್‌ಬಾಕ್ಸ್ ಕಡೆಯದು. ಕ್ರ್ಯಾಂಕ್ (ಇಂಜಿನ್ನಿನ ಮುಖ್ಯ ಶಾಫ್ಟು) ಬೋಲ್ಟು, ಫ್ಲೈವೀಲಿನ ಸುತ್ತಲಿನ ರಿಂಗ್ ಗೇರು, ಸ್ಟಾರ್ಟರು ಒಂದಕ್ಕೊಂದು ಕೂಡಬೇಕಾದ್ದರಿಂದ ಫ್ಲೈವೀಲ್, ಸ್ಟಾರ್ಟರ್, ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್ ಮೂರೂ ಇಸುಜುದೇ. ಕ್ಲಚ್ ಪ್ಲೇಟಿಗೆ ಮಾತ್ರ ಇಸುಜು ಅಳತೆಯ ಲೈನಿಂಗು, ನಡುವೆ ಹಳೇ ಬಾಕ್ಸಿಗೆ ಕೂಡುವ ಹಲ್ಲಿನ ಹಬ್ಬು (ಹಬ್), ಬೆಂಗಳೂರಿನ ಜೆ.ಸಿ. ರೋಡ್‌ನಲ್ಲಿ ರಿವೆಟ್ ಹೊಡೆಸಿದೆ. ಅಂಗಡಿಯ ಹುಡುಗ ಬೇರೊಂದು ಪ್ಲೇಟ್ ಕೊಟ್ಟು, "ಹಲ್ಲು ಲೆಕ್ಕ ಸರಿ ಐತೆ ಸಾ, ಹಾಕ್ಕಳಿ" ಅಂದ. ಲೆಕ್ಕ ಒಂದೇ ಆದರೂ ಹಬ್ಬಿನೊಳಗೆ ಕೂರುವ ಗೇರ್‌ಬಾಕ್ಸ್ ಶಾಫ್ಟಿನ ದಪ್ಪ ಬೇರೆಯಾದರೆ ಲೊಡಲೊಡ ಆಡುತ್ತದೆ. ಶಾಫ್ಟಿನ ಮೇಲೆ ಪ್ಲೇಟು ಕೈಯಲ್ಲೇ ಸಲೀಸಾಗಿ ಜಾರಬೇಕು, ಅಲ್ಲಾಡಬಾರದು.

ಫ್ಲೈವೀಲನ್ನು ಲೇತಿಗೆ ಹಾಕಿ ಹಗುರ ಮಾಡಿಸಿ ಅಂತ ಸಲಹೆ ಕೊಟ್ಟವರೂ ಇದ್ದರು. ರೇಸ್ ಗಾಡಿಗೆ ಸರಿ. ಭಾರದ ಅಂಬಾಸಡರ್ ಸಿಗ್ನಲ್ಲಿನಲ್ಲಿ ಜರ್ಕಿಲ್ಲದೆ ಹೊರಡಬೇಕಾದರೆ ಆ ತೂಕ ಬೇಕು. ಕ್ಲಚ್ ಪ್ಲೇಟು ತಾಗುವ ಮುಖವನ್ನು ಮಾತ್ರ ಲೇತಿನಲ್ಲಿ ತೆಳ್ಳಗೆ ಸವರಿಸಿದೆ. ಮೆಟ್ಟಿಲಿರುವ ಫ್ಲೈವೀಲಾದರೆ ಪ್ಲೇಟು ಕೂರುವ ಜಾಗದಲ್ಲಿ ತೆಗೆದಷ್ಟೇ ಪ್ರೆಶರ್ ಪ್ಲೇಟಿನ ಕವರ್ ಕೂರುವ ಅಂಚಿನಲ್ಲೂ ತೆಗೆಸಬೇಕು. ಇಲ್ಲದಿದ್ದರೆ ಹಿಡಿತ ಸಡಿಲ.

ನಿಜವಾದ ಕೆಲಸ ಇಂಜಿನ್ನಿಗೂ ಹಳೇ ಬಾಕ್ಸಿಗೂ ನಡುವೆ ಹಾಕುವ ಅಡಾಪ್ಟರ್ ಪ್ಲೇಟಿನದು. ಅದು ಎಷ್ಟು ದಪ್ಪವೋ ಗೇರ್‌ಬಾಕ್ಸ್ ಅಷ್ಟು ಹಿಂದೆ ಸರಿಯುತ್ತದೆ, ಶಾಫ್ಟಿನ ಮೂತಿ ಕ್ರ್ಯಾಂಕಿನ ಬುಷ್ಷಿಗೆ ನಿಲುಕುವುದಿಲ್ಲ. ಹೊರಗಡೆ ಇಸುಜು ತೂತಿನ ಅಳತೆ, ಒಳಗಡೆ ಹಳೇ ಶಾಫ್ಟಿನ ಅಳತೆ ಇಟ್ಟು ಗನ್‌ಮೆಟಲ್‌ನಲ್ಲಿ ಉದ್ದನೆಯ ಬುಷ್ ಕಡೆಸಿದೆ. ಕ್ರ್ಯಾಂಕಿಗೆ ಡಯಲ್ ಗೇಜ್ ಕಟ್ಟಿ ಬೆಲ್ ಹೌಸಿಂಗಿನ (ಕ್ಲಚ್ಚನ್ನು ಮುಚ್ಚುವ ಗೂಡಿನ) ನಡುತೂತಿನ ಸುತ್ತ ತಿರುಗಿಸಿ ನೋಡಿದೆವು. ಮುಳ್ಳು ಐದು ಥೌ (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ) ದಾಟಿದರೆ ಅಡಾಪ್ಟರ್ ಪ್ಲೇಟನ್ನು ಸರಿಸಿ ಮತ್ತೆ ಡೋವೆಲ್ (ಜಾಗ ಕದಲದಂತೆ ಹಿಡಿಯುವ ಪಿನ್ನು) ಹೊಡೆಯಬೇಕು. ಲೇತಿನ ಸಾಬರು ಆ ವಿಷಯದಲ್ಲಿ ನನಗಿಂತ ಹಠಮಾರಿ, ಅದೇ ಒಳ್ಳೆಯದಾಯಿತು.

ಕ್ಲಚ್ ಪ್ಲೇಟು ಕೂರಿಸುವಾಗ ಹಬ್ಬಿನ ಉಬ್ಬಿದ ಕಡೆ ಗೇರ್‌ಬಾಕ್ಸಿನತ್ತ. ಫ್ಲೈವೀಲ್ ಬೋಲ್ಟುಗಳ ತಲೆಗೆ ಸೀಮೆಸುಣ್ಣ ಬಳಿದು, ಪ್ಲೇಟನ್ನು ಒತ್ತಿ ಹಿಡಿದು ತಿರುಗಿಸಿದೆ. ಸುಣ್ಣ ಹಾಗೇ ಇತ್ತು, ಎಲ್ಲೂ ತಾಗಿಲ್ಲ.

ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಹಳೇ ಕಾರ್ಬನ್ ಬೇರಿಂಗು ಇಸುಜು ಕವರಿನ ಡಯಾಫ್ರಂ ಸ್ಪ್ರಿಂಗಿನ ಬೆರಳುಗಳ ಮೇಲೆ ಬೇಗ ಸವೆಯುತ್ತದೆ. ಅದನ್ನು ಬಿಟ್ಟು ಅದನ್ನು ತಳ್ಳುವ ಹಳೇ ಫೋರ್ಕಿಗೇ ಬಾಲ್ ಬೇರಿಂಗ್ ಕೂರಿಸಿದೆ.

ಚಾಮುಂಡಿ ಬೆಟ್ಟದ ಏರಿನಲ್ಲಿ ಟಾಪ್ ಗೇರಿನಲ್ಲೇ ವೇಗ ಇಳಿಸಿ, ಒಮ್ಮೆಗೇ ಆಕ್ಸಿಲರೇಟರ್ ಒತ್ತಿದೆ. ಇಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ ಅಂತ, ನನ್ನದು ಜಾರಲಿಲ್ಲ. ಆಮೇಲೆ ಸಮತಟ್ಟಿನಲ್ಲಿ ಪೆಡಲ್ ಒತ್ತಿ, ಕೊಂಚ ತಡೆದು ರಿವರ್ಸ್ ಹಾಕಿದೆ. ಕರಕರ ಅನ್ನದೆ ಬಿತ್ತು, ಅಂದರೆ ಪ್ಲೇಟು ಪೂರ್ತಿ ಬಿಡುತ್ತಿದೆ.